ಲೇಹ್ಯದ ಡಬ್ಬಿ

ವಾಷ್‌ಬೇಸಿನ್ನಿನಲ್ಲಿ ಉಗುಳಿದ್ದನ್ನು ನೋಡಬಾರದು ಎಂದು ವೆಂಕಟೇಶಮೂರ್ತಿ ದಿನಾ ಬೆಳಿಗ್ಗೆ ನಿಶ್ಚಯ ಮಾಡುತ್ತಿದ್ದ, ದಿನಾ ನೋಡುತ್ತಿದ್ದ. ಇವತ್ತು ಹಳದಿಯ ನಡುವೆ ಕೆಂಪು ಎಳೆಯೊಂದಿತ್ತು. ಒಂದೇ ಎಳೆ. ಆದರೆ ಅದು ಪಿಂಗಾಣಿಗೆ ಅಂಟಿಕೊಂಡು, ನಲ್ಲಿ ಪೂರ್ತಿ ತಿರುಗಿಸಿದರೂ ಹೋಗದೆ, ಕೊನೆಗೆ ಬೆರಳಿನಿಂದ ತಳ್ಳಬೇಕಾಯಿತು. ತಳ್ಳಿದ ಬೆರಳಿಗೆ ಮೂರು ಸಲ ಸೋಪು ಹಚ್ಚಿದ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಹೇಳಿದ್ದವನು; ಆ ಎಳೆಯೊಳಗೆ ಏನಿದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಪ್ಪುಹಲಗೆಯ ಮೇಲೆ ಪ್ರತಿ ವರ್ಷ ಅದರ ಚಿತ್ರ ಬರೆಯುತ್ತಿದ್ದ. ಕಡ್ಡಿಯಾಕಾರದ ರೋಗಾಣು, ಗಾಳಿಯ ಮೂಲಕ ಹರಡುತ್ತದೆ, ರೋಗಿಯ ಕೋಣೆಯ ಕಿಟಕಿಗಳನ್ನು ಸದಾ ತೆರೆದಿಡತಕ್ಕದ್ದು. ಐದು ಅಂಕದ ಪ್ರಶ್ನೆ, ಬರೆದುಕೊಳ್ಳಿ ಎನ್ನುತ್ತಿದ್ದ. ಆಗ ಆ ಕಡ್ಡಿಗಳು ಸೀಮೆಸುಣ್ಣದಷ್ಟೇ ಶುಭ್ರವಾಗಿದ್ದವು. ಈಗ ಕನ್ನಡಿಯಲ್ಲಿ ಕಂಡ ಮುಖ, ತುಟಿಯ ಅಂಚಿನಲ್ಲಿ ಉಳಿದ ನೊರೆ, ಎರಡನ್ನೂ ಟವೆಲಿನಿಂದ ಉಜ್ಜಿ ಆ ಟವೆಲನ್ನು ಎಲ್ಲಿ ಹಾಕಬೇಕೆಂದು ತೋಚದೆ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದು ನಿಂತ. ಹೆಂಡತಿ ಗೋದಮ್ಮ ಅದನ್ನು ತನ್ನ ಸೀರೆಗಳ ಜೊತೆಗೇ ನೆನೆಹಾಕುತ್ತಾಳೆ.

"ಏನೂಂದ್ರೆ, ಕಿಟ್ ಕಟ್ಟಿಟ್ಟಿದೀನಿ, ಒಂದ್ಸಲ ನೋಡ್ಕೊಳಿ. ಹತ್ತು ಗಂಟೆಗೆ ಬನ್ನಿ ಅಂದಿದಾರೆ ಆಸ್ಪತ್ರೆ ರಮೇಶ್‌ಬಾಬು," ಎಂದು ಹೆಂಡತಿ ಅಡುಗೆಮನೆಯಿಂದ ಹೇಳಿದಳು. ಹಾಲಿನಲ್ಲಿ ಸೋಫಾದ ಮೇಲೆ ಬಟ್ಟೆಯ ಚೀಲವೊಂದು ಕೂತಿತ್ತು: ಹೆಸರುಕಾಳು, ಕಡಲೆಬೀಜ, ಬೆಲ್ಲ, ಎಣ್ಣೆ ಪ್ಯಾಕೆಟ್ಟು, ಹಾಲಿನ ಪುಡಿ. ಆಸ್ಪತ್ರೆಯವರು ಕೊಟ್ಟ ಪಟ್ಟಿಯಲ್ಲಿ ಮೊಟ್ಟೆಯೂ ಇತ್ತು. ಗೋದಮ್ಮ ಆ ಸಾಲನ್ನು ಓದಿ ಮುಖ ಕಿವಿಚಿ, ಅದರ ಬದಲು ಇನ್ನೊಂದು ಸೇರು ಹೆಸರುಕಾಳು ಸುರಿದಿದ್ದಳು. "ಮೊಟ್ಟೆ ಬೇಕಾದ್ರೆ ಅವರ ಮನೇಲೇ ಇರುತ್ತೆ ಬಿಡಿ. ನಮ್ಮ ಕೈಲಿ ಕೊಡೋದು ಅಂದ್ರೆ ಹೇಗೆ," ಎಂದಳು. ಟಿ.ಬಿ. ಬಂದವರಿಗೆ ಊರಿನ ದೊಡ್ಡವರು ತಿಂಗಳಿಗೊಂದು ಆಹಾರದ ಚೀಲ ಕೊಡುವ ಕಾರ್ಯಕ್ರಮ ಅದು. ಕೊಡುವವರನ್ನು ಮಿತ್ರ ಎನ್ನುತ್ತಾರೆ. ಕೊಡುವಾಗ ಫೋಟೋ ತೆಗೆಯುತ್ತಾರೆ. ವೆಂಕಟೇಶಮೂರ್ತಿ ಈಗ ಕಲ್ಯಾಣಿಯ ಮಿತ್ರ. ಅವನ ಆತ್ಮಕಥೆಯನ್ನು ಒಂದೂವರೆ ವರ್ಷ ಕೂತು ಟೈಪು ಮಾಡಿಕೊಟ್ಟ ಹುಡುಗಿ ಕಲ್ಯಾಣಿ, ಅವಳಿಗೆ ಈಗ ಕ್ಷಯ, ಅವಳಿಗೆ ಅವನು ಹೆಸರುಕಾಳು ಕೊಡಬೇಕು. ಈ ವಾಕ್ಯವನ್ನು ಮನಸ್ಸಿನಲ್ಲಿ ಎಷ್ಟು ಸಲ ತಿರುವಿ ಹಾಕಿದರೂ ಅದರ ಹೊಟ್ಟೆಯೊಳಗಿದ್ದ ಇನ್ನೊಂದು ವಾಕ್ಯ ಹೊರಗೆ ಬರುತ್ತಲೇ ಇತ್ತು.

ಮನೆಯ ಪಕ್ಕದಲ್ಲೇ ರೇಷ್ಮೆ ನೂಲು ತೆಗೆಯುವ ಫಿಲೇಚರು. ಬೆಳಿಗ್ಗೆ ಆರಕ್ಕೆ ಬಾಯ್ಲರು ಹೊತ್ತಿಸುತ್ತಾರೆ, ಏಳರ ಹೊತ್ತಿಗೆ ಗೂಡು ಬೇಯತೊಡಗುತ್ತದೆ. ಶಿಡ್ಲಘಟ್ಟದಲ್ಲಿ ಹುಟ್ಟಿದವರಿಗೆ ಆ ವಾಸನೆ ವಾಸನೆಯೇ ಅಲ್ಲ, ಅದು ಊಟ. ವೆಂಕಟೇಶಮೂರ್ತಿ ಹುಟ್ಟಿದ್ದು ಗೌರಿಬಿದನೂರಿನಲ್ಲಿ, ಇಲ್ಲಿಗೆ ವರ್ಗವಾಗಿ ಬಂದು ಇಪ್ಪತ್ತೆಂಟು ವರ್ಷವಾಗಿದ್ದರೂ ಒಂದು ದಿನವೂ ಅದಕ್ಕೆ ಒಗ್ಗಲಿಲ್ಲ. ಬೆಂದ ಹುಳುವಿನ ವಾಸನೆ, ಅದು ಬಿಸಿಲೇರಿದ ಮೇಲೆ ಕೊಳೆಯತೊಡಗಿದಾಗ ಬರುವ ಇನ್ನೊಂದು ವಾಸನೆ, ಹುಳುವಿನ ಎಣ್ಣೆ ಕಟ್ಟಿಕೊಂಡ ಚರಂಡಿಯದು ಮೂರನೆಯದು. ಇವು ಮೂರೂ ಅವನ ಬರೆಯುವ ಕೋಣೆಯ ಕಿಟಕಿಗೆ ನೇರವಾಗಿ ಬಂದು ನಿಲ್ಲುತ್ತಿದ್ದವು. ಹಾಗಾಗಿ ಆ ಕಿಟಕಿ ಯಾವಾಗಲೂ ಮುಚ್ಚಿರುತ್ತಿತ್ತು. ಬರೀ ಮುಚ್ಚಿದ್ದಲ್ಲ, ಸಂದಿಗಳಿಗೆ ಅವನೇ ಹಳೆಯ ಪೇಪರು ಮಡಚಿ ತುರುಕಿದ್ದ. ಮಧ್ಯಾಹ್ನ ಎರಡರಿಂದ ಐದರವರೆಗೆ ಅವನು ಮಂಚದ ಮೇಲೆ ದಿಂಬಿಗೊರಗಿ ಹೇಳುವುದು, ಮೂರು ಮೊಳ ದೂರದಲ್ಲಿ ಕಲ್ಯಾಣಿ ಲ್ಯಾಪ್‌ಟಾಪಿನಲ್ಲಿ ಬಡಿಯುವುದು. ಕಾಗದಗಳು ಹಾರುತ್ತವೆಂದು ಫ್ಯಾನು ಹಾಕುತ್ತಿರಲಿಲ್ಲ. ಸೇವೆಗೆ ಸೇರಿದ ಅಧ್ಯಾಯ, ಮಂಡಿಕಲ್ಲಿನ ಶಾಲೆಯ ಅಧ್ಯಾಯ, ಉತ್ತಮ ಶಿಕ್ಷಕ ಪ್ರಶಸ್ತಿ ತಪ್ಪಿಸಿದವರ ಅಧ್ಯಾಯ. ಅದನ್ನು ಹೇಳುವಾಗ ಸಿಟ್ಟಿಗೆ ಕೆಮ್ಮು ಹೆಚ್ಚಾಗುತ್ತಿತ್ತು. ಕಲ್ಯಾಣಿ ಕೈ ನಿಲ್ಲಿಸಿ ಕೆಮ್ಮು ಮುಗಿಯುವವರೆಗೆ ಕಾಯುತ್ತಿದ್ದಳು. ಒಂದು ಸಲ, ಬಹುಶಃ ಏಪ್ರಿಲ್ಲಿನ ಸೆಕೆಗೆ, "ಸಾರ್, ಕಿಟಕಿ ತೆಗೀಲಾ? ಸ್ವಲ್ಪ ಗಾಳಿ ಬರ್ಲಿ," ಎಂದು ಕೇಳಿದ್ದಳು. "ಬೇಡಮ್ಮ, ಆ ಗಬ್ಬು ನಾತ ಕುಡಿಯೋಕಾಗಲ್ಲ," ಎಂದಿದ್ದ. ಅವಳು ನಕ್ಕಿದ್ದಳು. ಅವಳ ಚಿಕ್ಕಮ್ಮ ಅದೇ ಫಿಲೇಚರಿನಲ್ಲಿ ಗೂಡು ಬಿಡಿಸುತ್ತಾಳೆಂದು ಅವನಿಗೆ ಆಮೇಲೆ ಗೊತ್ತಾಯಿತು.

ಅವಳಿಗೆ ಪ್ರತ್ಯೇಕ ಲೋಟ ಇತ್ತು. ಇದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಸ್ಟೀಲಿನದೇ, ಚೆನ್ನಾಗಿಯೇ ಇದ್ದ ಲೋಟ, ಆದರೆ ಅದು ಕಿಟಕಿಯ ಕಟ್ಟೆಯ ಮೇಲೆ ಬೇರೆಯಾಗಿ ಇರುತ್ತಿತ್ತು, ಕಾಫಿ ಕುಡಿದ ಮೇಲೆ ಕಲ್ಯಾಣಿ ತಾನೇ ತೊಳೆದಿಡುತ್ತಿದ್ದಳು. ಬಿ.ಕಾಂ. ಓದಿ ಸರ್ಕಾರಿ ಕೆಲಸದ ಪರೀಕ್ಷೆಗೆ ಕಟ್ಟಿದ್ದ ಹುಡುಗಿ, ಮನೆಯಲ್ಲಿ ಬುದ್ಧನ ಪಟ ಇಟ್ಟುಕೊಂಡವರ ಮಗಳು. ಗೋದಮ್ಮ ಅವಳ ಜೊತೆ ಪ್ರೀತಿಯಿಂದಲೇ ಇದ್ದಳು, ಅದರಲ್ಲಿ ಸುಳ್ಳಿರಲಿಲ್ಲ; ಲೋಟ ಮಾತ್ರ ಬೇರೆ. ಆಸ್ಪತ್ರೆಯಿಂದ ಸುದ್ದಿ ಬಂದ ದಿನ ಗೋದಮ್ಮ ಆ ಲೋಟವನ್ನು ಇಕ್ಕಳದಲ್ಲಿ ಹಿಡಿದು ಹೊರಗೆ ಎಸೆದು, ಕೋಣೆಗೆಲ್ಲ ಡೆಟಾಲ್ ಹಾಕಿ ಒರೆಸಿ, "ಪುಣ್ಯಕ್ಕೆ ಲೋಟ ಬೇರೆ ಇಟ್ಟಿದ್ವು," ಎಂದಿದ್ದಳು. ವೆಂಕಟೇಶಮೂರ್ತಿಯೂ ತಲೆಯಾಡಿಸಿದ್ದ. ಆಗ ಅವನಿಗೆ ಇನ್ನೂ ಗೊತ್ತಿರಲಿಲ್ಲ. ಗೊತ್ತಿರಲಿಲ್ಲವೆ? ಮೂರು ವರ್ಷದ ಹಿಂದೆ ಗೊತ್ತಿತ್ತು, ಆಮೇಲೆ ಗೊತ್ತಿಲ್ಲದಂತೆ ಇದ್ದ. ಗೊತ್ತಿರುವುದನ್ನು ಗೊತ್ತಿಲ್ಲದಂತೆ ಇಟ್ಟುಕೊಳ್ಳಲು ಅಂಥ ಶ್ರಮವೇನೂ ಬೇಕಾಗುವುದಿಲ್ಲ.

ಬೆಂಗಳೂರಿನ ಡಾಕ್ಟರು ಅವನ ಮಗಳು ಶ್ರೀವಲ್ಲಿಗಿಂತ ಚಿಕ್ಕವಳು. ಒಂಬತ್ತು ದಿನದ ಹಿಂದೆ ರಿಪೋರ್ಟನ್ನು ಅವನ ಕಡೆಗೆ ತಿರುಗಿಸಿ, "ಮುಂಚೆ ಯಾವಾಗಲಾದ್ರೂ ಮಾತ್ರೆ ತಗೊಂಡು ಅರ್ಧಕ್ಕೆ ಬಿಟ್ಟಿದ್ರಾ ಅಂಕಲ್?" ಎಂದು ಕೇಳಿದ್ದಳು. ಯಾರೂ ಗುರುತಿನವರಿಲ್ಲದ ಊರಿನಲ್ಲಿ ಹೌದು ಎನ್ನುವುದು ಸುಲಭವಾಗಿತ್ತು. "ಅದಕ್ಕೇ. ಅರ್ಧಕ್ಕೆ ಬಿಟ್ರೆ ರೋಗಾಣು ಮಾತ್ರೆಗೆ ಬಗ್ಗಲ್ಲ. ಮಾಮೂಲಿ ಮಾತ್ರೆ ಇನ್ನು ನಿಮಗೆ ಹತ್ತಲ್ಲ, ಬೇರೆ ಔಷಧಿ ಬೇಕು. ಅದು ಅಂಗಡೀಲಿ ಸಿಗಲ್ಲ, ನಮ್ಮ ಹತ್ರಾನೂ ಇಲ್ಲ, ಸರ್ಕಾರದೋರೇ ಕೊಡೋದು. ನಿಮ್ಮ ತಾಲ್ಲೂಕಿಗೆ ಹೋಗಿ ಹೆಸರು ಬರೆಸಿ, ತಡ ಮಾಡ್ಬೇಡಿ." ಆಮೇಲೆ ಮಾಸ್ಕಿನ ಮೇಲಿಂದ ಅವನನ್ನೇ ನೋಡುತ್ತ, "ನಿಮ್ಮಿಂದ ಬೇರೆಯವರಿಗೆ ಬಂದಿದ್ರೆ ಅವರಿಗೂ ಇದೇ ಬಂದಿರುತ್ತೆ. ಅವರು ಮಾಮೂಲಿ ಮಾತ್ರೆ ನುಂಗ್ತಾ ಕೂತ್ರೆ ಶ್ವಾಸಕೋಶ ತಿಂದು ಹಾಕಿಬಿಡುತ್ತೆ. ಒಂದೇ ರೂಮಲ್ಲಿ ಜೊತೇಲಿ ಇರೋರು ಯಾರ್ಯಾರು?" "ಹೆಂಡತಿ ಮಾತ್ರ," ಎಂದಿದ್ದ. ವಿಳಾಸದ ಕಡೆ ಜಯನಗರದ ಭಾವಮೈದನ ಮನೆಯದನ್ನು ಬರೆಸಿದ್ದ. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು, ಚಿಕ್ಕಬಳ್ಳಾಪುರದವರೆಗೂ ಮುಖವನ್ನು ಗಾಳಿಗೆ ಕೊಟ್ಟು ಕೂತಿದ್ದ, ಪಕ್ಕದ ಹೆಂಗಸು ಮಗುವಿಗೆ ಗಾಳಿಯಾಗುತ್ತದೆ ಗಾಜು ಎಳೀರಿ ಎಂದಾಗ ಎಳೆದ. ಎಳೆಯಬಾರದಿತ್ತು ಎಂದು ಈಗ ಅನ್ನಿಸಿತು. ಆ ಮಗುವಿನ ತಲೆಯ ಮೇಲೆ ಎಣ್ಣೆ ಹಚ್ಚಿ ನುಣ್ಣಗೆ ಬಾಚಿದ್ದರು.

ಮೊದಲ ಸಲದ ಮಾತ್ರೆ ಬಿಟ್ಟದ್ದು ಮೂತ್ರ ನೋಡಿ. ಇದನ್ನು ಯಾರಿಗೂ ಹೇಳುವಂತಿರಲಿಲ್ಲ. ಚಿಕ್ಕಬಳ್ಳಾಪುರದ ಖಾಸಗಿ ಡಾಕ್ಟರೊಬ್ಬರು ಗುಟ್ಟಾಗಿ ಬರೆದುಕೊಟ್ಟ ಮಾತ್ರೆ ಅದು, ಆರು ತಿಂಗಳು ಅಂದಿದ್ದರು. ನುಂಗಿದ ಮೊದಲ ದಿನವೇ ಮೂತ್ರ ಕುಂಕುಮದ ನೀರಿನಂತೆ ಬಂತು. ಡಾಕ್ಟರು ಹೇಳಿಯೇ ಇದ್ದರು, ಆದರೂ ಬಕೆಟ್ಟುಗಟ್ಟಲೆ ನೀರು ಸುರಿದು ಕಕ್ಕಸು ತೊಳೆಯುತ್ತಿದ್ದ. ಬೆವರಿನಿಂದ ಬನಿಯನ್ನಿನ ಕಂಕುಳು ಕಿತ್ತಳೆ ಬಣ್ಣಕ್ಕೆ ತಿರುಗಿತು. ಗೋದಮ್ಮ ಕೇಳಿದಾಗ ಲೇಹ್ಯದ ಗುಣ ಎಂದ. ಮಾತ್ರೆಗಳನ್ನು ಖಾಲಿಯಾದ ಲೇಹ್ಯದ ಡಬ್ಬಿಯಲ್ಲಿ ಹಾಕಿ ಬರೆಯುವ ಮೇಜಿನ ಮೇಲೆ ಇಟ್ಟುಕೊಂಡಿದ್ದ. ಎರಡು ತಿಂಗಳಿಗೆ ಕೆಮ್ಮು ನಿಂತಿತು, ಹೊಟ್ಟೆ ತೊಳಸುವುದು ಮಾತ್ರ ನಿಲ್ಲಲಿಲ್ಲ, ಮಾತ್ರೆ ಬಿಟ್ಟ. ಮೂತ್ರ ತಿಳಿಯಾದ ಬೆಳಿಗ್ಗೆ ಅವನಿಗೆ ಎಷ್ಟು ಸಂತೋಷವಾಗಿತ್ತೆಂದರೆ ಅವತ್ತು ಗೋದಮ್ಮನಿಗೆ ಮಲ್ಲಿಗೆ ತಂದುಕೊಟ್ಟಿದ್ದ. ಡಬ್ಬಿ ಮೇಜಿನ ಮೇಲೆ ಹಾಗೇ ಉಳಿಯಿತು. ಆಮೇಲೆ ಅದೇನಾಯಿತೆಂದು ನೆನಪಾಗಲಿಲ್ಲ, ಅಥವಾ ನೆನಪು ಮಾಡಿಕೊಳ್ಳಲು ಅವನು ಅಷ್ಟಾಗಿ ಪ್ರಯತ್ನಿಸಲಿಲ್ಲ.

ಆಸ್ಪತ್ರೆಯ ಗೇಟಿನ ಬಳಿ ಕಲ್ಯಾಣಿಯ ಅಪ್ಪ ಗಂಗುಲಪ್ಪ ಕಾಯುತ್ತಿದ್ದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತನಾದವನು, ಇಸ್ತ್ರಿ ಮಾಡಿದ ಬಿಳಿ ಶರ್ಟು. ಆಟೋ ಇಳಿಯುತ್ತಿದ್ದಂತೆ ಓಡಿ ಬಂದು ಚೀಲ ಈಸಿಕೊಂಡ. "ನೀವ್ಯಾಕೆ ಸಾರ್ ಹೊತ್ಕಂಡ್ ಬರೋಕೆ ಹೋದ್ರಿ, ಫೋನ್ ಮಾಡಿದ್ರೆ ನಾನೇ ಬರ್ತಿರ್ಲಿಲ್ವಾ." ಅವನ ಕಣ್ಣು ತುಂಬಿತ್ತು. ವೆಂಕಟೇಶಮೂರ್ತಿ ಬೇರೆ ಕಡೆ ನೋಡಿದ. "ನಿಮ್ಮಂಥೋರು ಇರೋದ್ರಿಂದ ಸಾರ್. ನಮ್ಮ ಜನಾನೇ ಮನೆ ಬಾಗ್ಲಿಗೆ ಬರ್ತಿಲ್ಲ. ಕಲ್ಯಾಣಿ ಅಮ್ಮ ಅಕ್ಕಯಮ್ಮ ಅಂಗನವಾಡೀಲಿ ಅಡಿಗೆ ಮಾಡ್ತಿದ್ಲಲ್ಲ, ಮಕ್ಳನ್ನ ಕಳ್ಸಲ್ಲ ಅಂತವ್ರೆ, ಮನೇಲೇ ಕೂತವ್ಳೆ. ನನ್ನಿಂದ್ಲೇ ಬಂತು ಅಂತ ನನ್ನ ಬೈತಾಳೆ. ನಾನು ಡಿಪೋದಲ್ಲಿ ಬೀಡಿ ಸೇದ್ತಿದ್ದೆ ನೋಡಿ. ನಂದು ಟೆಸ್ಟ್ ಮಾಡವ್ರೆ, ಏನಿಲ್ಲ ಅಂತ ಬಂದೈತೆ. ಆದ್ರೂ ನನ್ನಿಂದ್ಲೇ ಇರ್ಬೇಕು ಸಾರ್, ಇನ್ನೆಲ್ಲಿಂದ ಬರ್ತದೆ ಹೇಳಿ ಆ ಮಗೀಗೆ. ಮನೆ ಬಿಟ್ರೆ ನಿಮ್ಮನೆ, ನಿಮ್ಮನೆ ಬಿಟ್ರೆ ಮನೆ." ಈ ಕೊನೆಯ ಮಾತನ್ನು ಗಂಗುಲಪ್ಪ ಯಾವ ಅನುಮಾನವೂ ಇಲ್ಲದೆ, ತನ್ನ ಮಗಳು ಎಂಥ ಒಳ್ಳೆಯ ಮನೆಗೆ ಹೋಗಿ ಬರುತ್ತಿದ್ದಳು ಎಂಬ ಹೆಮ್ಮೆಯಿಂದ ಹೇಳಿದ. ವೆಂಕಟೇಶಮೂರ್ತಿಗೆ ಅವನ ಮೇಲೆ ಸಿಟ್ಟು ಬಂತು. ಎರಡಕ್ಕೆರಡು ಕೂಡಿಸಲು ಬಾರದ ಈ ಮನುಷ್ಯನ ನಂಬಿಕೆ ಎಷ್ಟು ಅಸಹ್ಯವಾದದ್ದು ಎಂದುಕೊಂಡ, ಆಮೇಲೆ ಅಸಹ್ಯವಾದದ್ದು ಯಾವುದೆಂದು ಅವನಿಗೆ ಹೊಳೆಯಿತು.

ಟಿ.ಬಿ. ವಿಭಾಗ ಹಿಂದುಗಡೆಯ ಒಂಟಿ ಕೋಣೆ. ಫೋಟೋಕ್ಕೆಂದು, ಅಲ್ಲಿದ್ದ ಒಂದೇ ಕಿಟಕಿಯ ಸರಳುಗಳಿಗೆ ಬ್ಯಾನರು ಬಿಗಿದಿದ್ದರು, ಕ್ಷಯಮುಕ್ತ ತಾಲ್ಲೂಕು ನಮ್ಮ ಸಂಕಲ್ಪ ಎಂದು, ಹಿಂದೆ ಕಿಟಕಿಯ ಬಾಗಿಲು ಹಾಕಿತ್ತು. ಒಳಗೆ ಮುನಿಶಾಮಮ್ಮ ಎಂಬ ಮುದುಕಿ ಚೀಲ ಪಡೆದು ಬೆಂಚಿನ ಮೇಲೆ ಕೂತು ಕಡಲೆಬೀಜದ ಪೊಟ್ಟಣವನ್ನು ಮೂಸಿ ನೋಡುತ್ತಿದ್ದಳು. ಮಾತ್ರೆಯ ಉಸ್ತುವಾರಿ ನೋಡುವ ರಮೇಶ್‌ಬಾಬು ಎದ್ದು ನಿಂತು ಕುರ್ಚಿ ಎಳೆದು, ಕೈಯಿಂದಲೇ ಒರೆಸಿ, "ಬನ್ನಿ ಸಾರ್," ಎಂದ. ಅವನು ವೆಂಕಟೇಶಮೂರ್ತಿಯ ಹಳೆಯ ವಿದ್ಯಾರ್ಥಿ, ಎದುರಿಗೆ ಈಗಲೂ ಸರಿಯಾಗಿ ಕೂರುವುದಿಲ್ಲ. ಕಲ್ಯಾಣಿಗೆ ಕಾಯಿಲೆ ಎಂದು ತಿಳಿದ ವಾರ ಬೈಕಿನಲ್ಲಿ ಮನೆಗೆ ಬಂದಿದ್ದ. ಏನೋ ಕೇಳಬೇಕೆಂದು ಬಂದು, ಕೇಳಲಾರದೆ, ಜಗಲಿಯ ಮೇಲೆ ಕಾಫಿ ಕುಡಿಯುತ್ತ, "ಆರೋಗ್ಯ ಹೇಗಿದೆ ಸಾರ್? ಕೆಮ್ಮು ಗಿಮ್ಮು ಏನಿಲ್ವಲ್ಲ?" ಎಂದಿದ್ದ. "ಇದು ಫಿಲೇಚರ್ ಹೊಗೆ ಕಣಪ್ಪ, ಇಪ್ಪತ್ತು ವರ್ಷದಿಂದ ಇದೆ," ಎಂದಾಗ ಅವನ ಮುಖ ತಟ್ಟನೆ ಹಗುರಾಗಿತ್ತು. ಲೋಟ ಕೆಳಗಿಟ್ಟು, ನೀವೇ ಕಲ್ಯಾಣಿಗೆ ಮಿತ್ರ ಆಗ್ಬಿಡಿ ಸಾರ್ ಎಂದಿದ್ದ. ಅಷ್ಟು ಹಗುರಾಗುವಂಥದ್ದು ಅಲ್ಲಿ ಏನಿತ್ತೆಂದು ವೆಂಕಟೇಶಮೂರ್ತಿ ಆಗ ಯೋಚಿಸಲಿಲ್ಲ.

ಕಲ್ಯಾಣಿ ಗೋಡೆಗೆ ಒರಗಿ ನಿಂತಿದ್ದಳು. ಆರು ವಾರದಲ್ಲಿ ಅವಳ ಕುತ್ತಿಗೆ ಉದ್ದವಾಗಿತ್ತು. ಚೂಡಿದಾರದ ಭುಜ ಎರಡೂ ಕಡೆ ಇಳಿಬಿದ್ದಿತ್ತು, ಮಾಸ್ಕಿನ ಮೇಲಿನ ಕಣ್ಣು ಮಾತ್ರ ಹಾಗೇ ಇತ್ತು, ಕೆಮ್ಮು ಮುಗಿಯುವವರೆಗೆ ಕಾಯುವ ಕಣ್ಣು. ಅವನನ್ನು ನೋಡಿ ನಮಸ್ಕಾರ ಮಾಡಲಿಲ್ಲ. ರಮೇಶ್‌ಬಾಬು ಅವಳ ಕಾರ್ಡು ಹಿಡಿದು, "ನೋಡಿ ಸಾರ್, ಮೂರು ಕೆಜಿ ಕಮ್ಮಿ ಆಗವ್ಳೆ. ಮಾತ್ರೆ ಶುರು ಮಾಡಿದ್ಮೇಲೆ ತೂಕ ಏರ್ಬೇಕು, ಇವಳ್ದು ಇಳೀತೈತೆ. ಜ್ವರಾನೂ ಬಿಟ್ಟಿಲ್ಲ. ಏನರ್ಥ? ನುಂಗ್ತಿಲ್ಲ, ಬಿಸಾಕ್ತವ್ಳೆ," ಎಂದ. "ನುಂಗ್ತಿದೀನಿ ಸಾರ್," ಎಂದಳು ಕಲ್ಯಾಣಿ. "ಮಾತ್ರೆಗೆ ಬಗ್ಗುತ್ತೋ ಇಲ್ವೋ ಅಂತ ಮೆಷಿನ್ನಲ್ಲಿ ನೋಡ್ತೀವಿ ಅಂದಿದ್ರಿ. ಅದನ್ನ ನೋಡಿ ಅಂತ ಮೂರು ಸಲ ಕೇಳಿದೀನಿ." "ಅದಕ್ಕೆ ಹಾಕೋ ಟೆಸ್ಟ್ ಚಿಪ್ ಮುಗಿದೈತಮ್ಮ, ಸ್ಟಾಕ್ ಬಂದಿಲ್ಲ ಅಂತ ನಾನೂ ಮೂರು ಸಲ ಹೇಳಿದೀನಿ. ಕಫ ಚಿಂತಾಮಣಿ ಆಸ್ಪತ್ರೆಗೆ ಕಳ್ಸೋದಾದ್ರೆ ಕಾರಣ ಬರೀಬೇಕು, ಸುಮ್ ಸುಮ್ನೆ ಕಳ್ಸೋಕಾಗಲ್ಲ. ನೀನು ಮೊದ್ಲು ಕೊಟ್ಟಿದ್ದು ನೆಟ್ಟಗೆ ನುಂಗು. ಇಟ್ಲ ರಾ ಅಮ್ಮ, ಇಲ್ಲಿ ಬಾ." ಅವಳ ಅಂಗೈಗೆ ಮೂರು ಮಾತ್ರೆ ಹಾಕಿದ. ಅವಳು ಮಾಸ್ಕು ಇಳಿಸಿ, ಎಲ್ಲರ ಎದುರಿಗೆ ಒಂದೊಂದಾಗಿ ನುಂಗಿ ನೀರು ಕುಡಿದಳು. "ಬಾಯಿ ತೆಗಿ. ನಾಲ್ಗೆ ಎತ್ತು." ಅವಳು ಬಾಯಿ ತೆರೆದು ನಾಲಿಗೆ ಎತ್ತಿದಳು. ಗಂಗುಲಪ್ಪ ಬಾಗಿಲಲ್ಲೇ ಆ ಕಡೆ ತಿರುಗಿಕೊಂಡ. ಇಪ್ಪತ್ತಾರು ವರ್ಷದ ಹುಡುಗಿಯ ತೆರೆದ ಬಾಯಿ, ನಾಲಿಗೆಯ ಕೆಳಗಿನ ನೀಲಿ ನರ. ಈ ಕೋಣೆಯಲ್ಲಿ ಯಾರಾದರೂ ಬಾಯಿ ತೆರೆದು ತೋರಿಸಬೇಕಾಗಿದ್ದರೆ ಅದು ತಾನು, ಎಂದುಕೊಂಡ ವೆಂಕಟೇಶಮೂರ್ತಿ.

"ನೀವೊಂದು ಮಾತು ಹೇಳಿ ಸಾರ್," ಎಂದ ರಮೇಶ್‌ಬಾಬು. "ನಿಮ್ಮ ಮಾತು ಕೇಳ್ತಾಳೆ." ಆಗ ಹೇಳಬಹುದಿತ್ತು. ನಿಮ್ಮ ಮಾತ್ರೆಯಲ್ಲಿ, ಅವಳಲ್ಲಿ ಏನೂ ತಪ್ಪಿಲ್ಲ, ಅವಳಿಗೆ ಬಂದಿರುವುದು ಬಗ್ಗದ ಜಾತಿಯದು, ಅದು ಎಲ್ಲಿಂದ ಬಂತೆಂದು ನನಗೆ ಗೊತ್ತು ಎಂದು. ಪದಗಳೆಲ್ಲ ಸಿದ್ಧವಾಗಿ ನಾಲಿಗೆಯ ಮೇಲೆ ಇದ್ದವು. ಆದರೆ ಮೂವತ್ತೊಂದು ವರ್ಷ ಒಂದು ಮಾತು ಹೇಳಿ ಎಂದ ಕೂಡಲೇ ಎದ್ದು ನಿಲ್ಲುತ್ತಿದ್ದ ಮೇಷ್ಟ್ರು ಅವನೊಳಗಿಂದ ಎದ್ದ, ಗಂಟಲು ಸರಿಮಾಡಿಕೊಂಡ. "ಮಾತ್ರೆ ಮಧ್ಯದಲ್ಲಿ ಬಿಡಬಾರದು ಕಣಮ್ಮ ಕಲ್ಯಾಣಿ," ಎಂದ. "ಕಷ್ಟ ಆದ್ರೂ ಪೂರ್ತಿ ಮಾಡ್ಬೇಕು. ನೀನು ಓದಿದ ಹುಡುಗಿ, ನಿನಗೆ ಹೇಳಬೇಕಾ." ತನ್ನ ದನಿ ತನಗೇ ಕೇಳಿಸಿತು, ಸ್ಪಷ್ಟ, ದಯಾಮಯ, ಕೊನೆಯ ಬೆಂಚಿಗೂ ಮುಟ್ಟುವ ದನಿ. ಕಲ್ಯಾಣಿ ಮಾಸ್ಕು ಮೇಲಕ್ಕೆ ಎಳೆದುಕೊಳ್ಳದೆ ಅವನನ್ನು ನೋಡಿದಳು. ಸಿಟ್ಟಿನಿಂದ ನೋಡಲಿಲ್ಲ. ವಾಕ್ಯ ತಪ್ಪು ಹೇಳಿದಾಗ, ಸಾರ್ ಇದು ಹಿಂದಿನ ಅಧ್ಯಾಯದಲ್ಲಿ ಬೇರೆ ಥರ ಇದೆ ಎನ್ನುವ ಮೊದಲು ನೋಡುತ್ತಿದ್ದಂತೆ ನೋಡಿದಳು.

ಫೋಟೋಕ್ಕೆ ನಿಲ್ಲಿಸಿದರು. ಬ್ಯಾನರಿನ ಮುಂದೆ ಅವನು, ಅವಳು, ನಡುವೆ ಚೀಲ. ಎರಡು ಕೈ ಅವನದು, ಎರಡು ಕೈ ಅವಳದು. ಸ್ವಲ್ಪ ನಗಿ ಸಾರ್ ಎಂದ ರಮೇಶ್‌ಬಾಬು ಮೊಬೈಲು ಎತ್ತಿ, ಮಾಸ್ಕ್ ತೆಗೀಮ್ಮ, ಮುಖ ಕಾಣ್ಬೇಕು ಎಂದ. ಅವಳು ತೆಗೆಯಲಿಲ್ಲ, ಒಂದು ಹೆಜ್ಜೆ ಹಿಂದಕ್ಕೆ ಸರಿದು, ಚೀಲದ ಹಿಡಿಯನ್ನು ಪೂರ್ತಿ ಚಾಚಿದ ಕೈಯಿಂದ ಹಿಡಿದಳು. ತನ್ನ ಕಾಯಿಲೆ ಮೇಷ್ಟ್ರಿಗೆ ತಾಗದಿರಲೆಂದು ಸರಿದಳೆಂದು ಮುನಿಶಾಮಮ್ಮ ಮೆಚ್ಚಿಕೊಂಡು ಲೊಚಗುಟ್ಟಿದಳು. ಆ ಹೆಜ್ಜೆಯಿಂದ ಇಬ್ಬರ ನಡುವೆ ಆದ ದೂರವನ್ನು ವೆಂಕಟೇಶಮೂರ್ತಿ ಅಳೆದ. ಮೂರು ಮೊಳ. ಆಗ ಕೆಮ್ಮು ಬಂತು. ಬೆಳಗಿನಿಂದ ನುಂಗಿ ನುಂಗಿ ಇಟ್ಟುಕೊಂಡಿದ್ದ ಕೆಮ್ಮು, ಚೀಲ ಕೈಬಿಟ್ಟು ಕೆಳಗೆ ಬಿತ್ತು, ಎಲ್ಲೋ ಹೆಸರುಕಾಳು ಚೆಲ್ಲಿತು. ಕರವಸ್ತ್ರ ಬಾಯಿಂದ ತೆಗೆದಾಗ ಈ ಸಲ ಒಂದು ಎಳೆಯಲ್ಲ. ಮಡಚಿ ಜೇಬಿಗೆ ಹಾಕಿಕೊಳ್ಳಬಹುದಿತ್ತು. ಹಾಕಿಕೊಂಡರೆ ಫೋಟೋ ಮತ್ತೊಮ್ಮೆ ತೆಗೆಯುತ್ತಿದ್ದರು. ಅವಳು ನಾಳೆಯೂ ಬಂದು ಬಾಯಿ ತೆರೆದು ತೋರಿಸುತ್ತಿದ್ದಳು, ನಾಡಿದ್ದೂ, ಶ್ವಾಸಕೋಶದಲ್ಲಿ ಏನಾದರೂ ಉಳಿದಿರುವವರೆಗೆ. ಅವನು ಕರವಸ್ತ್ರವನ್ನು ಬಿಡಿಸಿ ಮೇಜಿನ ಮೇಲೆ, ಅವಳ ಕಾರ್ಡಿನ ಪಕ್ಕದಲ್ಲಿ ಇಟ್ಟ.

"ಒಂದು ಕಫದ ಡಬ್ಬಿ ಕೊಡಪ್ಪ," ಎಂದ. "ನನಗೆ. ನನಗಿದೆ. ಬೆಂಗಳೂರಲ್ಲಿ ನೋಡಿ ಹೇಳಿದಾರೆ. ನನ್ನಿಂದಲೇ ಅವಳಿಗೆ ಬಂದಿರೋದು." ರಮೇಶ್‌ಬಾಬು ಕರವಸ್ತ್ರವನ್ನೂ ಅವನನ್ನೂ ನೋಡಿದ. "ಸಾರ್, ನೀವು ಮನಸ್ಸಿಗೆ ಹಚ್ಕೊಂಡ್ರಿ. ಯಾರಿಂದ ಯಾರಿಗೆ ಅಂತ ಹೇಳೋಕಾಗಲ್ಲ ಸಾರ್ ಇದರಲ್ಲಿ." ಆದರೂ ಡಬ್ಬಿ ತಂದುಕೊಟ್ಟ, ಹೊರಗೆ ಬಯಲಲ್ಲಿ ಹೋಗಿ ಉಗುಳಿ ಬನ್ನಿ ಎಂದ. ವೆಂಕಟೇಶಮೂರ್ತಿ ಬೇವಿನ ಮರದ ಹಿಂದೆ ನಿಂತು ಎದೆಯ ಆಳದಿಂದ ಕೆಮ್ಮಿ ಉಗುಳಿದ. ಮುಚ್ಚಳ ತಿರುಗಿಸಿದ ಮೇಲೂ ಡಬ್ಬಿಯ ತಳ ಬೆಚ್ಚಗಿತ್ತು. ಆ ಬಿಸಿಯನ್ನು ಅಂಗೈಯಲ್ಲಿ ಹಿಡಿದು ವಾಪಸು ಬರುವಾಗ ಅವನಿಗೆ ಹೇಸಿಗೆಯ ಜೊತೆಗೇ ಒಂದು ಬಗೆಯ ಬಿಡುಗಡೆಯೂ ಆಗಿತ್ತು, ಬಾಗಿಲಲ್ಲಿ ನಿಂತ ಗಂಗುಲಪ್ಪನ ಮುಖ ನೋಡುವಷ್ಟು ಧೈರ್ಯವೂ ಬಂದಿತ್ತು. ಆತ್ಮಕಥೆಗೆ ಇದೇ ಕೊನೆಯ ಅಧ್ಯಾಯವಾಗಬಹುದು ಎಂದು ಕೂಡ, ಥೂ, ಒಂದು ಕ್ಷಣ ಅನ್ನಿಸಿತು.

ರಮೇಶ್‌ಬಾಬು ಫಾರಂ ತೆಗೆದು ಬರೆಯತೊಡಗಿದ. ಹೆಸರು, ವಯಸ್ಸು, ವಿಳಾಸ. ಈ ಸಲ ಸ್ವಂತ ವಿಳಾಸವನ್ನೇ ಹೇಳಿದ. ಸಕ್ಕರೆ ಕಾಯಿಲೆ ಇದೆಯೆ, ಇಲ್ಲ. "ಈ ಹಿಂದೆ ಯಾವತ್ತಾದ್ರೂ ಟಿ.ಬಿ. ಮಾತ್ರೆ ತಗೊಂಡು ಬಿಟ್ಟಿದ್ರಾ ಸಾರ್?" ಬೆಂಗಳೂರಿನ ಹುಡುಗಿ ಕೇಳಿದ್ದ ಪ್ರಶ್ನೆಯೇ. ಚಿಂತಾಮಣಿಗೆ ಕಳಿಸಲು ಬೇಕಾದ ಕಾರಣ ಆ ಒಂದು ಉತ್ತರದಲ್ಲಿತ್ತು, ಅವಳ ಕಫಕ್ಕೂ, ಅವನದಕ್ಕೂ. ಕಾಯಿಲೆ ಬಂದದ್ದು ಯಾರ ತಪ್ಪೂ ಅಲ್ಲ. ಇದು ಮಾತ್ರ ತಪ್ಪು. ಬಾಗಿಲಲ್ಲಿ ಗಂಗುಲಪ್ಪ ಇದ್ದ, ಎದುರಿಗೆ ಹಳೆಯ ವಿದ್ಯಾರ್ಥಿ ಪೆನ್ನು ಹಿಡಿದಿದ್ದ. "ಇಲ್ಲಪ್ಪ," ಎಂದಿತು ಅವನ ಬಾಯಿ.

"ತಗೊಂಡಿದ್ರು," ಎಂದಳು ಕಲ್ಯಾಣಿ ಗೋಡೆಯ ಕಡೆಯಿಂದ. ದನಿ ಏರಿಸಲಿಲ್ಲ. "ಲೇಹ್ಯದ ಡಬ್ಬೀಲಿ ಇಟ್ಟಿದ್ರು." ವೆಂಕಟೇಶಮೂರ್ತಿಯ ಕಡೆ ತಿರುಗಿದಳು. "ನಾನು ಕೆಲಸಕ್ಕೆ ಬಂದ ಮೊದಲನೇ ವಾರ ಮೇಜು ಒರೆಸೋವಾಗ, ಹಳೇ ಬಿ.ಪಿ. ಮಾತ್ರೆ, ಎಸೆದು ಬಾರಮ್ಮ ಅಂದ್ರಿ ಸಾರ್. ಡಬ್ಬಿ ತುಂಬಾ ಇದ್ವು. ಫಿಲೇಚರ್ ಹಿಂದಿನ ಮೋರಿಗೆ ಹಾಕ್ದೆ. ಅದೇ ಮಾತ್ರೆ ಇಲ್ಲಿ ನನ್ನ ಕೈಗೆ ಕೊಟ್ಟಾಗ ಗುರ್ತು ಸಿಕ್ತು. ಅವತ್ತೇ ಹೇಳಿದೀನಿ ರಮೇಶ್‌ಬಾಬು ಅವರಿಗೆ. ಇವರನ್ನೇ ಕೇಳಿ."

ರಮೇಶ್‌ಬಾಬು ಪೆನ್ನು ಕೆಳಗಿಟ್ಟ. "ಹೇಳಿದ್ಲು ಸಾರ್," ಎಂದ ಫಾರಮನ್ನೇ ನೋಡುತ್ತ. "ಮೇಷ್ಟ್ರ ಮೇಲೆ ಅಪವಾದ ಹೊರಿಸ್ಬೇಡ ಅಂತ ನಾನೇ ಬೈದು ಕಳ್ಸಿದ್ದೆ. ಆದ್ರೂ ಒಂದ್ಸಲ ಕೇಳ್ಕಂಡು ಬರೋಣ ಅಂತ ನಿಮ್ಮನೆಗೆ ಬಂದೆ. ಕಾಫಿ ಕೊಟ್ರಿ." ಆರು ವಾರ. ಅವಳು ಸುಳ್ಳುಗಾತಿಯೆಂದು ಕರೆಸಿಕೊಂಡು ದಿನಾ ಇಲ್ಲಿಗೆ ಬಂದು ಹತ್ತದ ಮಾತ್ರೆ ನುಂಗಿ ಬಾಯಿ ತೆರೆದು ತೋರಿಸಿದ್ದಳು, ಅವನು ಬಂದು ಒಂದು ಮಾತು ಹೇಳಲಿ ಎಂದು. ಬಂದು ಹೇಳಿದ ಮಾತು, ಇಲ್ಲಪ್ಪ. ಗಂಗುಲಪ್ಪ ಬಾಗಿಲಿನಿಂದ ಒಳಗೆ ಬಂದು ಮಗಳ ಪಕ್ಕ ನಿಂತ.

"ಎರಡು ತಿಂಗಳು," ಎಂದ ವೆಂಕಟೇಶಮೂರ್ತಿ. "ತಗೊಂಡು ಬಿಟ್ಟೆ. ಮಾಮೂಲಿ ಮಾತ್ರೆ ಹತ್ತಲ್ಲ ಅಂತ ಬೆಂಗಳೂರಲ್ಲಿ ಬರೆದುಕೊಟ್ಟಿದಾರೆ. ಅವಳಿಗೂ ಹತ್ತಲ್ಲ. ಬರ್ಕೋ." ರಮೇಶ್‌ಬಾಬು ಬರೆದುಕೊಂಡ. ಇನ್ನೊಂದು ಫಾರಂ ತೆಗೆದು ಕಲ್ಯಾಣಿಯ ಹೆಸರು ಬರೆದು, ಅವಳದೂ ಕಫ ತೆಗೆದುಕೊಂಡು ಎರಡು ಡಬ್ಬಿಯನ್ನೂ ಇವತ್ತೇ ಗಾಡಿಯಲ್ಲಿ ಚಿಂತಾಮಣಿಗೆ ಕಳಿಸುತ್ತೇನೆಂದ. ಕಲ್ಯಾಣಿ ಕೆಳಗೆ ಚೆಲ್ಲಿದ್ದ ಕಾಳನ್ನು ದಾಟಿ ಬಂದು, ಬ್ಯಾನರಿನ ಒಂದು ಬದಿಯ ದಾರವನ್ನು ಸರಳಿನಿಂದ ಬಿಚ್ಚಿ, ಕಿಟಕಿಯ ಬಾಗಿಲು ತೆಗೆದಳು. ಹೊರಗಿನಿಂದ ಹುಳು ಬೇಯುವ ವಾಸನೆ ಒಳಗೆ ಬಂತು. ಅಭ್ಯಾಸಬಲದಿಂದ ಅವನ ಕೈ ಮೂಗಿನ ಕಡೆಗೆ ಹೋಯಿತು, ಅವಳು ನೋಡುತ್ತಿರುವುದನ್ನು ಕಂಡು ಅಲ್ಲೇ ನಿಂತಿತು.

"ಇಲ್ಲಿ ಕೂತ್ಕೊಳಿ ಸಾರ್, ಕಿಟಕಿ ಹತ್ರ," ಎಂದಳು. ಅಪ್ಪನನ್ನು ಕರೆದುಕೊಂಡು ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತುಕೊಂಡಳು. ವೆಂಕಟೇಶಮೂರ್ತಿ ಕುರ್ಚಿಯನ್ನು ಕಿಟಕಿಯ ಬಳಿಗೆ ಎಳೆದುಕೊಂಡು ಕೂತ.